ಆಲಿಸನ್ ಫೆಲಿಕ್ಸ್ ಮತ್ತು ನನ್ನ ನಾನೂರು ಮೀಟರ್

ರಿಯೊ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಓಟಗಾರ್ತಿ ಆಲಿಸನ್ ಫೆಲಿಕ್ಸ್ ತೆಗೆದುಕೊಂಡ ಸಮಯ 49.51 ಸೆಕೆಂಡ್. ಬೆಳ್ಳಿ ಬಂತು. ಐದು ವರ್ಷದ ಮೇಲೆ, 2021ರಲ್ಲಿ ಟೋಕಿಯೊದಲ್ಲಿ ಅದೇ ಓಟಕ್ಕೆ 49.46. ಬಂದಿದ್ದು ಕಂಚು, ಆದರೆ ಓಟ ಮೊದಲಿಗಿಂತ ಜೋರು! ಈ ಎರಡು ಅಂಕಿಗಳ ನಡುವೆ ಒಂದು ಸಿಸೇರಿಯನ್ ಇದೆ, ತಿಂಗಳು ತುಂಬುವ ಮೊದಲೇ ಹುಟ್ಟಿದ ಒಂದು ಮಗು ಇದೆ. ಆಗ ಆಕೆಗೆ 35 ವರ್ಷ. ಸಿಕ್ಕಿದ್ದು ಒಂಬತ್ತನೇ ಲೇನ್. ತೀರಾ ಹೊರಗಿನ ಆ ಲೇನ್‌ನಲ್ಲಿ ಓಡುವವರು ಎಲ್ಲರಿಗಿಂತ ಮುಂದೆ ನಿಂತು ಶುರುಮಾಡುತ್ತಾರೆ, ಹಾಗಾಗಿ ಅವರಿಗೆ ಉಳಿದವರು ಎಲ್ಲಿದ್ದಾರೆ ಅಂತ ಕಾಣುವುದೇ ಇಲ್ಲ. ನಾನೂರು ಓಡಿದವರಿಗೆ ಅದರ ಕಷ್ಟ ಗೊತ್ತು.

ನಾನೂ ನಾನೂರು ಮೀಟರ್‌ನವಳೇ. ದೊಡ್ಡ ಹೆಸರೇನಲ್ಲ. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ಮಟ್ಟದವರೆಗೆ ಓಡಿದ್ದೆ, ಈಗ ಮೈಸೂರಿನಲ್ಲಿದ್ದುಕೊಂಡು ಮಾಸ್ಟರ್ಸ್ ಕೂಟಗಳಿಗೆ (ಹಿರಿಯ ವಯಸ್ಸಿನವರ ಓಟದ ಕೂಟಗಳಿಗೆ) ಹೋಗುತ್ತೇನೆ. ನನ್ನ ಬಸುರಿನ ಕೊನೆಯಲ್ಲಿ ಬಿಪಿ ಏರಿತು, ಮುಖ ಕಾಲು ಊದಿಕೊಂಡವು. ಡಾಕ್ಟರು ಪ್ರಿಎಕ್ಲಾಂಪ್ಸಿಯಾ ಅಂದರು, ಬಸುರಿನಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ತೊಂದರೆ. ಫೆಲಿಕ್ಸ್‌ಗೂ ಅದೇ ಆಗಿತ್ತು. 2018ರ ನವೆಂಬರ್‌ನಲ್ಲಿ, 32ನೇ ವಾರದ ಚೆಕಪ್‌ಗೆ ಹೋದಾಗ ಗೊತ್ತಾಗಿ, ತುರ್ತು ಸಿಸೇರಿಯನ್ ಮಾಡಬೇಕಾಯಿತು. ಮಗಳು ಕ್ಯಾಮ್ರಿನ್ ಹುಟ್ಟಿದ್ದು ಹೀಗೆ.

ಅಲ್ಲಿಯವರೆಗೆ ನನಗೆ ಆಕೆ ಚೆಂದ ಓಡುವ ಹುಡುಗಿ, ಅಷ್ಟೇ. ಆಮೇಲೆ ಆಕೆ ಹೇಳಿದ್ದನ್ನೆಲ್ಲ ಹುಡುಕಿ ಹುಡುಕಿ ಓದಿದೆ. ಅಮೆರಿಕದಲ್ಲಿ ಬಸುರು, ಬಾಣಂತನಕ್ಕೆ ಸಂಬಂಧಿಸಿದ ಕಾರಣಗಳಿಂದ ಸಾಯುವ ಅಪಾಯ ಬಿಳಿಯ ಹೆಂಗಸರಿಗಿಂತ ಕಪ್ಪು ಹೆಂಗಸರಿಗೆ ಸುಮಾರು ಮೂರು ಪಟ್ಟು ಜಾಸ್ತಿ. 2019ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕೂತು ಫೆಲಿಕ್ಸ್ ಈ ವಿಷಯವನ್ನೇ ಮಾತಾಡಿದರು. ರಿಯೊದಲ್ಲಿ ಆಕೆಯ ಜೊತೆ 4x100 ರಿಲೇ ಚಿನ್ನ ಗೆದ್ದ ಟೋರಿ ಬೋವಿ 2023ರಲ್ಲಿ ತೀರಿಕೊಂಡಾಗ ತುಂಬು ಗರ್ಭಿಣಿ. ವಯಸ್ಸು ಬರೀ 32. ಒಲಿಂಪಿಕ್ ಓಟಗಾರ್ತಿಯ ಮೈಕಟ್ಟು ಕೂಡ ಕಾಪಾಡಲಿಲ್ಲ.

ಇನ್ನು ದುಡ್ಡಿನ ವಿಷಯ. ಫೆಲಿಕ್ಸ್ ಬಸುರಿ ಅಂತ ಸ್ಪಾನ್ಸರ್‌ಗೆ ಗೊತ್ತಾಗಬಾರದು ಅಂತ ಬೆಳಗಿನ ಜಾವ ಕತ್ತಲಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಆಗ ನೈಕಿ ಜೊತೆ ಹೊಸ ಒಪ್ಪಂದದ ಮಾತುಕತೆ ನಡೆದಿತ್ತು. ಕಂಪನಿ ಮೊದಲಿಗಿಂತ ಶೇ 70 ಕಡಿಮೆ ದುಡ್ಡು ಕೊಡಲು ಮುಂದೆ ಬಂದಿತ್ತು ಅಂತ ಆಕೆಯೇ 2019ರ ಮೇನಲ್ಲಿ ಪತ್ರಿಕೆಯಲ್ಲಿ ಬರೆದರು. ಆಕೆ ಕೇಳಿದ್ದು ಕಡಿಮೆ ದುಡ್ಡಿನ ಬಗ್ಗೆಯೂ ಅಲ್ಲ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ಚೆನ್ನಾಗಿ ಓಡದಿದ್ದರೆ ಅದಕ್ಕಾಗಿ ದಂಡ ಹಾಕಬೇಡಿ ಅಂತ. ಅದೇ ವರ್ಷ ಕಂಪನಿ ತನ್ನ ನಿಯಮ ಬದಲಿಸಿತು. ಆಕೆಗಿಂತ ಮೊದಲು ಬಾಯಿಬಿಟ್ಟವರಲ್ಲಿ ಇನ್ನೊಬ್ಬ ಕಪ್ಪು ಓಟಗಾರ್ತಿ ಅಲಿಸಿಯಾ ಮೊಂಟಾನೊ ಇದ್ದರು ಅನ್ನೋದನ್ನು ಮರೆಯಬಾರದು. 2014ರಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತು 800 ಮೀಟರ್ ಓಡಿದ ಹೆಣ್ಣು ಅವರು.

ನಾನು ಫೆಲಿಕ್ಸ್‌ರಿಂದ ತೆಗೆದುಕೊಂಡಿದ್ದು ಇದನ್ನೇ: ಚೇತರಿಸಿಕೊಳ್ಳಲು ಸಮಯ ಕೇಳುವುದು, ನಾಚಿಕೆಯಿಲ್ಲದೆ. ಅಮ್ಮ ನನ್ನನ್ನು ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬೆಳ್ಳುಳ್ಳಿ ಸಾರು ಅಂತ ಕೂಡಿಹಾಕಿದಾಗ ಮೊದಮೊದಲು ರೇಗುತ್ತಿತ್ತು. ಆಮೇಲೆ ಅನಿಸಿತು, ಆ ಹೆಣ್ಣುಮಗಳು ಕಂಪನಿ ಹತ್ತಿರ ಜಗಳ ಮಾಡಿ ಕೇಳಿದ್ದು ಇದನ್ನೇ ಅಲ್ವಾ, ನನಗಿಲ್ಲಿ ಸುಮ್ನೆ ಸಿಗುತ್ತಿದೆ! (ಹತ್ತಿ ಮಾತ್ರ ಆಗಾಗ ಕಿತ್ತುಹಾಕುತ್ತಿದ್ದೆ.)

ಓಟಕ್ಕೆ ಮರಳಿದ್ದು ತುಂಬಾ ನಿಧಾನ. ಡಾಕ್ಟರು ಹೂಂ ಅನ್ನುವವರೆಗೆ ಬರೀ ನಡಿಗೆ, ಅದೂ ಮನೆಯೊಳಗೆ. ಆಮೇಲೆ ಕುಕ್ಕರಹಳ್ಳಿ ಕೆರೆ ಸುತ್ತ. ದಿನಾ ಬೆಳಿಗ್ಗೆ ಬಿಪಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ, ಅಂಕಿ ಏರಿದ ದಿನ ಶೂ ಮುಟ್ಟುತ್ತಿರಲಿಲ್ಲ. ಫಿಸಿಯೋ ಮೊದಲು ಕಲಿಸಿದ್ದು ಉಸಿರು. ಮಲಗಿ ಮಂಡಿ ಮಡಚಿ, ಉಸಿರು ಬಿಡುವಾಗ ಕೆಳಹೊಟ್ಟೆ ಒಳಗೆಳೆದು, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿಯುವುದು. ಬೋರು ಹೊಡೆಸುವ ಕೆಲಸ. ಆದರೆ ಇದನ್ನು ಬಿಟ್ಟು ಓಡಲು ಹೋದ ಎಷ್ಟೋ ಗೆಳತಿಯರು ಮೂತ್ರ ಸೋರುತ್ತದೆ ಅಂತ ಪ್ಯಾಡ್ ಹಾಕಿಕೊಂಡು ಓಡುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಸಿಸೇರಿಯನ್ ಹೊಲಿಗೆಯ ಗೆರೆ ಒಣಗಿದ ಮೇಲೆ ದಿನಾ ಬೆರಳಿಂದ ಅಕ್ಕಪಕ್ಕ ಉಜ್ಜುತ್ತಿದ್ದೆ. ಇಲ್ಲದಿದ್ದರೆ ಅಲ್ಲಿ ಚರ್ಮ ಹಿಡಿದುಕೊಂಡು, ಕಾಲು ಹಿಂದಕ್ಕೆ ಚಾಚುವಾಗ ಎಳೆಯುತ್ತದೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಸ್ಪೈಕ್ಸ್ (ಮೊಳೆಯಿರುವ ಓಟದ ಶೂ) ಹಾಕಿದ್ದು ಇವೆಲ್ಲ ಮುಗಿದು ಎಷ್ಟೋ ತಿಂಗಳಾದ ಮೇಲೆ.

ಟ್ರ್ಯಾಕ್‌ನಲ್ಲಿ ಫೆಲಿಕ್ಸ್‌ರಿಂದ ಕದ್ದಿದ್ದು ಇನ್ನೊಂದು. ಆಕೆ ಮೂಲತಃ 200 ಮೀಟರ್‌ನವರು, 2012ರ ಲಂಡನ್ ಒಲಿಂಪಿಕ್ಸ್‌ನ ವೈಯಕ್ತಿಕ ಚಿನ್ನ ಅದರಲ್ಲೇ. ಹಾಗಾಗಿ ಮೊದಲ 200ರಲ್ಲಿ ವೇಗವಿದ್ದರೂ ಒದ್ದಾಟ ಕಾಣುವುದಿಲ್ಲ. ಟ್ರ್ಯಾಕ್‌ನ ಕೊನೆಯ ನೇರ ಭಾಗದಲ್ಲಿ ಮೈಯೆಲ್ಲ ಕಲ್ಲಾದಾಗಲೂ ಭುಜ ಕಿವಿಗೆ ಏರುವುದಿಲ್ಲ. ನಾನು ಅದರ ಎದುರು ಬದಿಯ ನೇರ ಭಾಗದಲ್ಲಿ ದವಡೆ ಸಡಿಲ ಬಿಡುವುದನ್ನು ಪ್ರಾಕ್ಟೀಸ್ ಮಾಡಿದೆ. ದವಡೆ ಸಡಿಲವಾದರೆ ಭುಜ ತಾನಾಗಿ ಇಳಿಯುತ್ತದೆ. ನನ್ನ ಹಳೇ ಟೈಮಿಂಗ್ ಇನ್ನೂ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ರೀಡಾಗ್ರಾಮದಲ್ಲಿ ಮಕ್ಕಳನ್ನು ಕರೆತರುವ ಅಥ್ಲೀಟ್‌ಗಳಿಗೆ ನರ್ಸರಿ ಮಾಡಿದರು. ಅದರ ಹಿಂದೆಯೂ ಫೆಲಿಕ್ಸ್ ಇದ್ದರು. ಅದನ್ನು ಓದಿದ ಮೇಲೆ ನಾನು ಹೋಗುವ ಒಂದು ಕೂಟದವರಿಗೆ, ಹಾಲೂಡಿಸಲು ಬಾಗಿಲಿರುವ ಒಂದು ಕೋಣೆ ಬೇಕು ಅಂತ ಕೇಳಿದೆ. ಹಳೇ ಸ್ಟೋರ್ ರೂಮ್ ಕೊಟ್ಟರು. ಮುಂದಿನ ಸಲ ಅದಕ್ಕೆ ಫ್ಯಾನೂ ಕೇಳುವವಳಿದ್ದೇನೆ.