ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀಗೆ: ಸರ್ವರ್ ಕೈತಪ್ಪದಂತೆ ಬದಲಾಗುವ ಕ್ರಮ

ದೂರದ ಲಿನಕ್ಸ್ ಸರ್ವರ್‌ಗೆ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದನ್ನು ನಿಲ್ಲಿಸಿ ಕೀ ಬಳಸುವುದು ಚಿಕ್ಕ ಕೆಲಸವೇ. ಆದರೆ ಕ್ರಮ ತಪ್ಪಿದರೆ ನಮ್ಮ ಸರ್ವರ್‌ನೊಳಗೆ ನಾವೇ ಹೋಗಲಾಗದ ಸ್ಥಿತಿ ಬರುತ್ತದೆ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ 1995ರಲ್ಲಿ, ದೂರದ ಯಂತ್ರಕ್ಕೆ ಗೂಢಲಿಪಿಯ ಮೂಲಕ ಲಾಗಿನ್ ಆಗುವ ಎಸ್‌ಎಸ್‌ಎಚ್ ವಿಧಾನವನ್ನು ರೂಪಿಸಿದರು. ಅದು ದಾರಿಯಲ್ಲಿ ಯಾರೂ ಕದ್ದು ಓದದಂತೆ ಪಾಸ್‌ವರ್ಡನ್ನು ಕಾಯುತ್ತದೆ, ನಿಜ. ಆದರೆ ಆ ತುದಿಯಲ್ಲಿರುವುದು ನಕಲಿ ಸರ್ವರ್ ಆಗಿದ್ದರೆ ಪಾಸ್‌ವರ್ಡ್ ನೇರವಾಗಿ ಅದರ ಕೈ ಸೇರುತ್ತದೆ. ಕೀ ಎಂದರೆ ಫೈಲ್‌ಗಳ ಒಂದು ಜೋಡಿ: ಸಾರ್ವಜನಿಕ ಕೀಯನ್ನು ಸರ್ವರ್‌ನಲ್ಲಿ ಇಡುತ್ತೇವೆ, ಖಾಸಗಿ ಕೀ ಮಾತ್ರ ನಮ್ಮ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಮೊದಲು ಕ್ಲೌಡ್ ಸಂಸ್ಥೆಯ ವೆಬ್ ಕನ್ಸೋಲ್ ಅಥವಾ ಸರ್ವರ್‌ನ ಐಡ್ರ್ಯಾಕ್, ಐಎಲ್‌ಒ (ಯಂತ್ರದಲ್ಲಿಯೇ ಇರುವ ದೂರನಿಯಂತ್ರಣ ವ್ಯವಸ್ಥೆಗಳು) ಮೂಲಕ ಒಳಗೆ ಹೋಗಲು ಆಗುತ್ತದೆಯೇ ಎಂದು ನಿಜವಾಗಿಯೂ ಲಾಗಿನ್ ಆಗಿ ನೋಡಿಕೊಳ್ಳಿ. ಬೇರೆಲ್ಲ ದಾರಿ ಮುಚ್ಚಿದಾಗ ಉಳಿಯುವುದು ಇದೊಂದೇ. ಆ ಕನ್ಸೋಲ್‌ನಲ್ಲಿಯೇ ಸರ್ವರ್ ತನ್ನ ಗುರುತಾಗಿ ತೋರಿಸುವ ಹೋಸ್ಟ್ ಕೀಯ ಫಿಂಗರ್‌ಪ್ರಿಂಟನ್ನು, ಅಂದರೆ ಆ ಕೀಯ ಚಿಕ್ಕ ಗುರುತು-ಅಕ್ಷರಮಾಲೆಯನ್ನು, ಬರೆದಿಟ್ಟುಕೊಳ್ಳಿ. ಮೊದಲ ಸಲ ಸಂಪರ್ಕಿಸುವಾಗ ಪರದೆಯ ಮೇಲೆ ಬರುವ ಫಿಂಗರ್‌ಪ್ರಿಂಟನ್ನು ಇದರೊಡನೆ ಹೋಲಿಸಿ, ಆಮೇಲಷ್ಟೇ ‘ಯೆಸ್’ ಎಂದು ಉತ್ತರಿಸಬೇಕು. ಬಹುತೇಕರು ನೋಡದೆಯೇ ಒಪ್ಪಿಬಿಡುತ್ತಾರೆ; ಎಸ್‌ಎಸ್‌ಎಚ್ ಕೊಡುವ ರಕ್ಷಣೆಯ ಅರ್ಧ ಭಾಗ ಅಲ್ಲಿಯೇ ವ್ಯರ್ಥವಾಗುತ್ತದೆ.

ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್ ಬಳಸಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಡಿ25519 ಮಾದರಿಯ ಕೀ ಜೋಡಿಯನ್ನು ಸೃಷ್ಟಿಸಿ, ಅದಕ್ಕೆ ಪಾಸ್‌ಫ್ರೇಸ್ (ಖಾಸಗಿ ಕೀಯನ್ನು ಕಾಯುವ ಗುಪ್ತಪದ) ಕೊಡಿ. ಸಾರ್ವಜನಿಕ ಕೀಯನ್ನು ಸರ್ವರ್‌ಗೆ ಸೇರಿಸಲು ಎಸ್‌ಎಸ್‌ಎಚ್-ಕಾಪಿ-ಐಡಿ ಕಮಾಂಡ್ ಸಾಕು. ಅದಾದ ಮೇಲೂ ಪಾಸ್‌ವರ್ಡ್ ಕೇಳಿದರೆ ಮೊದಲು ಅನುಮತಿಗಳನ್ನು ನೋಡಿ: ಡಾಟ್-ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಒಪ್ಪಿದ ಸಾರ್ವಜನಿಕ ಕೀಗಳಿರುವ ಆಥರೈಸ್ಡ್ ಕೀಸ್ ಫೈಲ್‌ಗೆ 600 (ಎರಡೂ ಮಾಲೀಕರಿಗೆ ಮಾತ್ರ) ಇರಬೇಕು, ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಇತರರಿಗೆ ಬರೆಯುವ ಅನುಮತಿ ಇದ್ದರೂ ಸರ್ವರ್ ಆ ಕೀಯನ್ನು ನಿರಾಕರಿಸುತ್ತದೆ.

ಇನ್ನು ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ಹಂತ. ಈಗ ತೆರೆದಿರುವ ಸೆಷನ್ ಅನ್ನು ಕೆಲಸ ಪೂರ್ತಿ ಮುಗಿಯುವವರೆಗೆ ಯಾವ ಕಾರಣಕ್ಕೂ ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿ (ಸರ್ವರ್ ಬದಿಯ ಎಸ್‌ಎಸ್‌ಎಚ್ ಪ್ರೋಗ್ರಾಂ) ಸಂರಚನೆಯಲ್ಲಿ ಪಾಸ್‌ವರ್ಡ್ ಆಥೆಂಟಿಕೇಶನ್ ಮತ್ತು ಕೀಬೋರ್ಡ್-ಇಂಟರಾಕ್ಟಿವ್ ಆಥೆಂಟಿಕೇಶನ್ ಎರಡಕ್ಕೂ ‘ನೋ’ ಕೊಡಿ. ಎರಡನೆಯದನ್ನು ಮರೆತರೆ ಪ್ಯಾಮ್ (ಲಿನಕ್ಸ್‌ನ ಲಾಗಿನ್ ದೃಢೀಕರಣ ವ್ಯವಸ್ಥೆ) ಮೂಲಕ ಪಾಸ್‌ವರ್ಡ್ ಕೇಳುವುದು ಮುಂದುವರಿಯಬಹುದು. ಒಂದೇ ಆಯ್ಕೆ ಎರಡು ಕಡೆ ಇದ್ದರೆ ಎಸ್‌ಎಸ್‌ಎಚ್‌ಡಿ ಮೊದಲು ಓದಿದ್ದನ್ನೇ ಹಿಡಿಯುತ್ತದೆ. ಆದ್ದರಿಂದ ಉಬುಂಟುವಿನ ಕ್ಲೌಡ್ ಇಮೇಜ್‌ಗಳಲ್ಲಿ ಕ್ಲೌಡ್-ಇನಿಟ್ (ಸರ್ವರ್ ಮೊದಲು ಶುರುವಾಗುವಾಗ ಅದನ್ನು ಸಿದ್ಧಗೊಳಿಸುವ ಪ್ರೋಗ್ರಾಂ) ಬರೆದಿಟ್ಟ, ಮೊದಲೇ ಓದಲ್ಪಡುವ ಚಿಕ್ಕ ಫೈಲೊಂದು ಮುಖ್ಯ ಫೈಲಿನಲ್ಲಿ ನೀವು ಮಾಡಿದ ಬದಲಾವಣೆಯನ್ನು ಸದ್ದಿಲ್ಲದೆ ನಿಷ್ಫಲಗೊಳಿಸಬಹುದು. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟರೆ ಕೊನೆಗೆ ಜಾರಿಯಾಗುವ ಮೌಲ್ಯಗಳು ಕಾಣುತ್ತವೆ. ಸಣ್ಣಕ್ಷರದ ‘ಟಿ’ ಬರವಣಿಗೆಯ ತಪ್ಪುಗಳನ್ನಷ್ಟೇ ಹಿಡಿಯುತ್ತದೆ. ಎರಡನ್ನೂ ನೋಡಿಯೇ ಸೇವೆಯನ್ನು ರಿಲೋಡ್ ಮಾಡಿ.

ಬಳಿಕ ಹೊಸ ವಿಂಡೋದಲ್ಲಿ ಕೀ ಬಳಸಿ ಲಾಗಿನ್ ಆಗಿ. ಅದರ ನಂತರ ಬೇಕೆಂದೇ ಕೀ ಇಲ್ಲದೆ ಒಮ್ಮೆ ಪ್ರಯತ್ನಿಸಿ. ‘ಪರ್ಮಿಷನ್ ಡಿನೈಡ್’ ಎಂಬುದರ ಮುಂದಿನ ಆವರಣದಲ್ಲಿ ‘ಪಬ್ಲಿಕ್‌ಕೀ’ ಒಂದೇ ಇದ್ದರೆ ಕೆಲಸ ಸರಿಯಾಗಿದೆ. ಜೊತೆಗೆ ‘ಪಾಸ್‌ವರ್ಡ್’ ಎಂದೂ ಇದ್ದರೆ ಆ ಬಾಗಿಲು ಇನ್ನೂ ತೆರೆದಿದೆ.

ಒಳಜಾಲದ ಸರ್ವರ್‌ಗಳಿಗೆ ಜಂಪ್ ಹೋಸ್ಟ್ (ನಡುವಿನ ಯಂತ್ರ) ದಾಟಿ ಹೋಗಬೇಕಾದಾಗ ಏಜೆಂಟ್ ಫಾರ್ವರ್ಡಿಂಗ್ ಬದಲು, ನಡುವಿನ ಯಂತ್ರವನ್ನು ಬರಿಯ ದಾರಿಯಾಗಿ ಬಳಸುವ ಪ್ರಾಕ್ಸಿಜಂಪ್ ಬಳಸಿ. ಏಜೆಂಟ್ ಎಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಖಾಸಗಿ ಕೀಯನ್ನು ನೆನಪಿನಲ್ಲಿಟ್ಟುಕೊಂಡು ನಿಮ್ಮ ಪರವಾಗಿ ಬಳಸುವ ಪ್ರೋಗ್ರಾಂ. ಫಾರ್ವರ್ಡಿಂಗ್ ಚಾಲೂ ಇರುವಷ್ಟು ಹೊತ್ತು ನಡುವಿನ ಯಂತ್ರದಲ್ಲಿ ರೂಟ್ (ಪೂರ್ಣ ಆಡಳಿತದ) ಅಧಿಕಾರವುಳ್ಳವರು ನಿಮ್ಮ ಏಜೆಂಟ್ ಮೂಲಕ ನಿಮ್ಮ ಹೆಸರಿನಲ್ಲಿ ಬೇರೆ ಸರ್ವರ್‌ಗಳಿಗೆ ಹೋಗಬಲ್ಲರು.

ತಂಡದಿಂದ ಯಾರಾದರೂ ಹೊರಗೆ ಹೋದರೆ ಅವರ ಕೀ ಇರುವ ಸಾಲನ್ನು ಪ್ರತಿ ಸರ್ವರ್‌ನಿಂದಲೂ ಅಳಿಸಬೇಕು. ಸಾಲು ಅಳಿಸಿದ ಮಾತ್ರಕ್ಕೆ ಆಗಲೇ ತೆರೆದಿರುವ ಸೆಷನ್ ಕಡಿದುಹೋಗುವುದಿಲ್ಲ. ‘ಹೂ’ ಕಮಾಂಡ್‌ನಿಂದ ಯಾರು ಯಾರು ಒಳಗಿದ್ದಾರೆಂದು ನೋಡಿ, ಹಳೆಯ ಸೆಷನ್ ಇದ್ದರೆ ಅದನ್ನೂ ಮುಗಿಸಿ.