ಖಡಕ್ ರೊಟ್ಟಿಯಿಂದ ಆದಾಯ: ಮನೆಯಲ್ಲೇ ಆರಂಭಿಸುವ ಬಗೆ

ಕಲಬುರಗಿ, ವಿಜಯಪುರದಂತಹ ಮಳೆಯಾಶ್ರಿತ ಜಿಲ್ಲೆಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳು ಬರುತ್ತವೆ. ಆಗ ಮನೆಯ ಹೆಣ್ಣುಮಕ್ಕಳಿಗೆ ಕರಗತವಾಗಿರುವ ರೊಟ್ಟಿ ಬಡಿಯುವ ಕೆಲಸವನ್ನೇ ಉದ್ಯೋಗವಾಗಿಸಿಕೊಳ್ಳಬಹುದು.

ಮೊದಲ ಎಚ್ಚರಿಕೆ ಹಿಟ್ಟಿನದು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿಯ ಅಂಚು ಸೀಳುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ಬೀಸಿಸಿ, ಕುದಿಯುವ ನೀರು ಹಾಕಿ ನಾದಬೇಕು. ತೆಳ್ಳಗೆ ಬಡಿದು, ಹಂಚಿಗೆ ಹಾಕಿದೊಡನೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಎರಡೂ ಬದಿ ಬೆಂದ ನಂತರ ಸಣ್ಣ ಉರಿಯಲ್ಲಿ ತೇವ ಪೂರ್ತಿ ಆರುವವರೆಗೆ ಒತ್ತಿ ಕಾಯಿಸಬೇಕು. ಬಿಸಿ ಆರುವ ಮುನ್ನ ಪ್ಯಾಕ್ ಮಾಡಿದರೆ ಬೂಸಲು ಬರುತ್ತದೆ.

ಬೆಲೆ ನಿಗದಿಯಲ್ಲಿ ಹಲವರು ಎಡವುತ್ತಾರೆ. ಜೋಳ ಮನೆಯದೇ ಆದರೂ ಅದರ ಪೇಟೆ ಬೆಲೆಯನ್ನು, ಬೀಸುವ ಕೂಲಿ, ಉರುವಲು, ಒಡೆದ ರೊಟ್ಟಿಗಳ ನಷ್ಟವನ್ನು, ಎಲ್ಲಕ್ಕಿಂತ ಮುಖ್ಯವಾಗಿ ಬೇಸಿಗೆಯ ಬಿಸಿಲಲ್ಲಿ ಒಲೆಯ ಮುಂದೆ ಕೂತವರ ದಿನಗೂಲಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲೇಬೇಕು.

ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ರೊಟ್ಟಿ ಮಾಡುವ ಯಂತ್ರ ಕೊಳ್ಳುವವರಿಗೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ ಬ್ಯಾಂಕ್ ಸಾಲಕ್ಕೆ ಜೋಡಿಸಿ ಒಟ್ಟು ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಸದ್ಯದ ನಿಯಮವನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಕಾಯಂ ಗಿರಾಕಿಗಳು ಸಿಗುವ ಮುನ್ನ ಯಂತ್ರಕ್ಕೆಂದು ಸಾಲ ಮಾಡಬೇಡಿ. ಮೊದಲು ಹತ್ತಿರದ ಖಾನಾವಳಿಗಳಿಗೆ ಕೈರೊಟ್ಟಿಯನ್ನೇ ಕೊಟ್ಟು ನೋಡಿ.