ಪಿಕಪ್‌ಗೆ ದೊಡ್ಡ ಟಯರ್ ಹಾಕಬೇಕಾ? ಮೊದಲು ಬಾಗಿಲು ತೆಗೆದು ನೋಡಿ

ಪಿಕಪ್ ತೆಗೆದುಕೊಂಡವರು ಹೆಚ್ಚು ದಿನ ಸುಮ್ಮನಿರುವುದಿಲ್ಲ. ವಿ-ಕ್ರಾಸ್ ಇರಲಿ, ಹೈಲಕ್ಸ್ ಇರಲಿ, "ಕಂಪನಿ ಟಯರ್ ಸಪೂರ ಆಯ್ತು, ಸ್ವಲ್ಪ ದೊಡ್ಡದು ಹಾಕ್ಬೇಕು" ಎನ್ನುವ ಮಾತು ಬೇಗ ಬರುತ್ತದೆ. ಅಂಗಡಿಗೆ ಹೋದರೆ ಗೋಡೆ ತುಂಬ ಕಪ್ಪು ಅಲಾಯ್ ವೀಲ್. "ಇದು ಹಾಕಿ ಸರ್, ಗಮ್ಮತ್ ಲುಕ್ ಬರ್ತದೆ" ಅಂತಾರೆ. ಲುಕ್ ಬರುವುದೇನೋ ನಿಜ. ಆದರೆ ನಮ್ಮ ಕರಾವಳಿಯಲ್ಲಿ ಅದೇ ಗಾಡಿ ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯಬೇಕು, ವರ್ಷವಿಡೀ ಉಪ್ಪು ಗಾಳಿಯಲ್ಲಿ ನಿಲ್ಲಬೇಕು, ಭಾನುವಾರ ಬೆಳ್ತಂಗಡಿ ಕಡೆಯ ತೋಟದ ಮಣ್ಣು ರಸ್ತೆ ಹತ್ತಬೇಕು. ಅಂಗಡಿಯಲ್ಲಿ ಮೊದಲು ರಿಮ್ ತೋರಿಸುತ್ತಾರೆ, ಆಮೇಲೆ ಅದಕ್ಕೆ ಟಯರ್. ನೀವು ಉಲ್ಟಾ ಹೋಗಿ. ಮೊದಲು ಭಾರ ಮತ್ತು ಅಳತೆ, ಆಮೇಲೆ ಟಯರ್, ಕೊನೆಗೆ ರಿಮ್.

1. ಸ್ಟಿಕ್ಕರ್ ಓದಿ

ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಒಂದು ಸ್ಟಿಕ್ಕರ್ ಕಾಣುತ್ತದೆ. ಅದರಲ್ಲಿ ಕಂಪನಿ ಹೇಳಿದ ಟಯರ್ ಅಳತೆ, ಗಾಳಿ ಎಷ್ಟು ಎಂಬುದು ಇರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಈಗಿರುವ ಟಯರ್‌ನ ಬದಿಯನ್ನೂ ಓದಿ. ಉದಾಹರಣೆಗೆ 265/65 ಆರ್17 112ಎಸ್ ಎಂದಿದ್ದರೆ, ಟಯರ್ ಅಗಲ 265 ಮಿ.ಮೀ., ಬದಿಯ ಎತ್ತರ ಆ ಅಗಲದ ಶೇ 65, ರಿಮ್ 17 ಇಂಚು. ಕೊನೆಯ 'ಎಸ್' ವೇಗದ ಮಿತಿ, ಗಂಟೆಗೆ 180 ಕಿ.ಮೀ. ನಮ್ಮ ರಸ್ತೆಗೆ ಅದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ 112. ಅದು ಲೋಡ್ ಇಂಡೆಕ್ಸ್, ಅಂದರೆ ಒಂದು ಟಯರ್ ಹೊರಬಹುದಾದ ಗರಿಷ್ಠ ಭಾರದ ಸಂಕೇತ. 110 ಎಂದರೆ 1,060 ಕೆ.ಜಿ., 112 ಎಂದರೆ 1,120, 116 ಎಂದರೆ 1,250, 120 ಎಂದರೆ 1,400. ಹೊಸ ಟಯರ್‌ನಲ್ಲಿ ಈ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಆಗಲೇಬಾರದು. ನೋಡಲು ದಪ್ಪ ಇದ್ದ ಮಾತ್ರಕ್ಕೆ ಜಾಸ್ತಿ ಹೊರುತ್ತದೆ ಎಂದಿಲ್ಲ. ಹಿಂದೆ ಅಡಿಕೆ ಮೂಟೆ, ಗೊಬ್ಬರ ಹೇರುವವರು ಇದೊಂದನ್ನು ಮರೆಯಬೇಡಿ.

ಕೆಲವು ಟಯರ್‌ಗಳಲ್ಲಿ ಅಳತೆಯ ಮುಂದೆ 'ಎಲ್‌ಟಿ' ಎಂದಿರುತ್ತದೆ. ಲೈಟ್ ಟ್ರಕ್ ಎಂದರ್ಥ. ಬದಿ ಗಟ್ಟಿ, ಭಾರ ಚೆನ್ನಾಗಿ ಹೊರುತ್ತದೆ, ಮುರಕಲ್ಲಿನ ಚೂರು ತಾಗಿದರೂ ಬೇಗ ಹರಿಯುವುದಿಲ್ಲ. ಆದರೆ ಅಷ್ಟೇ ಭಾರಕ್ಕೆ ಮಾಮೂಲಿ ಟಯರ್‌ಗಿಂತ ಜಾಸ್ತಿ ಗಾಳಿ ಬೇಕು, ಖಾಲಿ ಗಾಡಿ ಸಿಕ್ಕಾಪಟ್ಟೆ ಕುಲುಕುತ್ತದೆ. ವಾರಕ್ಕೆರಡು ಸಲ ಲೋಡ್ ಹೋಗುವವರಿಗೆ ಸರಿ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಸುಮ್ನೆ ಖರ್ಚು, ಸೊಂಟಕ್ಕೂ ಕಷ್ಟ.

2. ಎಷ್ಟು ದೊಡ್ಡದು? ಕಾಗದದಲ್ಲಿ ಲೆಕ್ಕ ಹಾಕಿ

ಲೆಕ್ಕ ಸುಲಭ. ರಿಮ್ ಇಂಚನ್ನು 25.4ರಿಂದ ಗುಣಿಸಿ. ಅದಕ್ಕೆ ಟಯರ್ ಬದಿಯ ಎತ್ತರವನ್ನು ಎರಡು ಸಲ ಕೂಡಿಸಿ. 265/65 ಆರ್17ರ ಬದಿ ಸುಮಾರು 172 ಮಿ.ಮೀ. ಹಾಗಾಗಿ ಒಟ್ಟು ಎತ್ತರ 776 ಮಿ.ಮೀ. ಅದೇ ರಿಮ್‌ಗೆ 265/70 ಹಾಕಿದರೆ 803 ಮಿ.ಮೀ., ಅಂದರೆ ಶೇ 3.4 ಜಾಸ್ತಿ. 285/70ಕ್ಕೆ ಹೋದರೆ 831 ಮಿ.ಮೀ., ಶೇ 7 ಜಾಸ್ತಿ. ವಿ-ಕ್ರಾಸ್‌ನ 18 ಇಂಚಿನ ಮಾದರಿಯಲ್ಲಿ 255/60 ಬರುತ್ತದೆ, ಎತ್ತರ 763 ಮಿ.ಮೀ. ಅದನ್ನು 255/65 ಮಾಡಿದರೆ 789. ಅಲ್ಲಿಯೂ ಹೆಚ್ಚಳ ಶೇ 3ರ ಆಸುಪಾಸು.

ಎತ್ತರದಲ್ಲಿ 27 ಮಿ.ಮೀ. ಹೆಚ್ಚಿದರೆ ಗಾಡಿಯ ಅಡಿಭಾಗ ಏಳುವುದು ಅದರ ಅರ್ಧದಷ್ಟು ಮಾತ್ರ. ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ! ಗುಂಡಿಯಲ್ಲಿ ಅಷ್ಟೂ ಉಪಯೋಗವೇ, ಆದರೆ ದೊಡ್ಡ ಟಯರ್ ಹಾಕಿದ ಕೂಡಲೇ ಗಾಡಿ ಹೊಳೆ ದಾಟುತ್ತದೆ ಅಂದುಕೊಳ್ಳಬೇಡಿ.

ಇನ್ನು ನಷ್ಟದ ಕಡೆ. ಸ್ಪೀಡೋಮೀಟರ್ ಹಳೆಯ ಸುತ್ತಳತೆಯನ್ನೇ ನಂಬಿ ಲೆಕ್ಕ ಹಾಕುತ್ತದೆ. ಶೇ 7 ದೊಡ್ಡ ಟಯರ್ ಆದರೆ, ಮೊದಲು 80 ಎಂದು ತೋರಿಸುತ್ತಿದ್ದ ವೇಗಕ್ಕೆ ಈಗ 75ರ ಹತ್ತಿರ ತೋರಿಸುತ್ತದೆ. ಕಿಲೋಮೀಟರ್ ಕೂಡ ಕಡಿಮೆ ಓದುವುದರಿಂದ ಮೈಲೇಜ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಟಯರ್ ತೂಕವೂ ಏರುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಚಾರ್ಮಾಡಿ ಘಾಟಿ ಹತ್ತುವಾಗ ಒಂದು ಗೇರ್ ಇಳಿಸಬೇಕಾಗುತ್ತದೆ, ಇಳಿಯುವಾಗ ಎಂಜಿನ್ ಹಿಡಿತ ಸ್ವಲ್ಪ ಸಡಿಲ. ನನ್ನ ಕೇಳಿದರೆ ಶೇ 3ರ ಆಚೆಈಚೆ ನಿಲ್ಲಿಸಿ. ಅದರ ಮೇಲೆ ಹೋದರೆ ಸಸ್ಪೆನ್ಶನ್ ಎತ್ತಿಸಬೇಕು, ಮಡ್‌ಗಾರ್ಡ್ ಕತ್ತರಿಸಬೇಕು. ಅದು ಬೇರೆಯೇ ಖರ್ಚಿನ ದಾರಿ.

3. ಕಾನೂನು ಒಮ್ಮೆ ನೋಡಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಬಂತು. ಸುರಕ್ಷಿತ ದಾರಿ ಎಂದರೆ, ನಿಮ್ಮ ಮಾದರಿಯ ಬೇರೆ ಬೇರೆ ವೇರಿಯಂಟ್‌ಗಳಿಗೆ ಕಂಪನಿಯೇ ಕೊಡುವ ಅಳತೆಗಳಲ್ಲಿ ದೊಡ್ಡದನ್ನು ಆರಿಸುವುದು. ಅದರಾಚೆ ಹೋಗುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹಳದಿ ಬೋರ್ಡಿನವರಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಈ ತಲೆನೋವು ಇನ್ನೂ ಜಾಸ್ತಿ. ವಿಮಾ ಕಂಪನಿಗೂ ತಿಳಿಸಿ, ಹೊಸ ಅಲಾಯ್‌ಗಳನ್ನು ಪಾಲಿಸಿಯಲ್ಲಿ ಬರೆಸಿ.

4. ಟಯರ್: ಮಳೆಯನ್ನು ನೋಡಿ ಆರಿಸಿ

ಪಿಕಪ್ ಟಯರ್‌ನಲ್ಲಿ ಮೂರು ಜಾತಿ. ಎಚ್‌ಟಿ ಡಾಂಬರು ರಸ್ತೆಗೆ, ಎಂಟಿ ಕೆಸರಿಗೆ, ಎಟಿ ಎರಡರ ನಡುವೆ. ಕೆಸರಿನ ಟಯರ್ ನೋಡಲು ಚಂದ ಉಂಟು, ಒಪ್ಪಿಕೊಳ್ಳೋಣ. ಆದರೆ ಅದರ ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳ ನಡುವೆ ಜಾಗ ಜಾಸ್ತಿ, ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಒದ್ದೆ ಡಾಂಬರನ್ನು ಹಿಡಿಯುವ ಸಣ್ಣ ಗೀರುಗಳೂ ಅದರಲ್ಲಿ ಕಡಿಮೆ. ಹಾಗಾಗಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಲ್ಪೆಯಿಂದಲೋ ಮಂಗಳೂರಿನ ಮೀನುಗಾರಿಕಾ ಧಕ್ಕೆಯಿಂದಲೋ ಹೊರಟ ಮೀನಿನ ಲಾರಿಯ ನೀರು ರಸ್ತೆಯಲ್ಲಿ ಸುರಿದಿರುತ್ತದೆ. ಅಂಥ ಕಡೆ ಕೆಸರಿನ ಟಯರ್ ಹಾಕಿಕೊಂಡು ಹೆದ್ದಾರಿ 66ರಲ್ಲಿ ಓಡಾಡುವುದು ಯಾಕೆ ಮಾರಾಯ್ರೆ? ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಅದರ ಗುಂಯ್ ಶಬ್ದಕ್ಕೆ ಹಾಡು ಕೇಳಲಿಕ್ಕೂ ಆಗುವುದಿಲ್ಲ.

ತೀರಾ ಅಗಲದ ಆಸೆಯನ್ನೂ ಬಿಡಿ. ಅದೇ ತೂಕದ ಗಾಡಿಗೆ ಅಗಲ ಟಯರ್ ಹಾಕಿದರೆ ನೆಲದ ಮೇಲಿನ ಒತ್ತಡ ಹಂಚಿಹೋಗುತ್ತದೆ. ನಿಂತ ನೀರಿನ ಮೇಲೆ ವೇಗದಲ್ಲಿ ಹೋದಾಗ ಟಯರ್ ನೀರನ್ನು ಸೀಳದೆ ಅದರ ಮೇಲೆ ತೇಲುವ ಸಾಧ್ಯತೆ ಹೆಚ್ಚು. ಸ್ಟೇರಿಂಗ್ ಒಂದು ಕ್ಷಣ ಹಗುರ ಆದ ಅನುಭವ ಹಲವರಿಗೆ ಇರಬಹುದು. ಅದು ಇದೇ. ಅಗಲವನ್ನು ಹಾಗೇ ಇಟ್ಟು ಬದಿಯ ಎತ್ತರ ಮಾತ್ರ ಏರಿಸಿದರೆ ಕರಾವಳಿಗೆ ಲಾಭ.

ಎಟಿ ಟಯರ್‌ನಲ್ಲೂ ತೀರಾ ಒರಟು ಬೇಡ. ತೋಟದ ಕೆಂಪು ಮಣ್ಣಿಗೆ ಮಧ್ಯಮ ಎಟಿ ಸಾಕು. ಬದಿಯಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮಕ್ಕೆ ಪರೀಕ್ಷೆಯಾದ ಗುರುತು, ನಮಗೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಮನೆಯೆದುರಿನ ಏರು ಕಾಂಕ್ರೀಟಿನಲ್ಲಿ ಪಾಚಿ ಕಟ್ಟಿದರೆ ಯಾವ ಟಯರೂ ಕೈ ಹಿಡಿಯುವುದಿಲ್ಲ. ಅಲ್ಲಿಗೆ ಬ್ಲೀಚಿಂಗ್ ಪೌಡರ್ ಮತ್ತು ಗಟ್ಟಿ ಪೊರಕೆಯೇ ಮದ್ದು.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ತಯಾರಾದ ದಿನವನ್ನೂ ನೋಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೇ ವಾರ. ಎರಡು ವರ್ಷ ಗೋದಾಮಿನಲ್ಲಿ ಕೂತ ಟಯರ್ ಆದರೆ ದರ ಇಳಿಸಲು ಹೇಳಿ, ಇಲ್ಲವೇ ಬೇರೆ ತರಿಸಿ. ಫೋರ್ ಬೈ ಫೋರ್ ಗಾಡಿಗೆ ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಬೇಕು. ಎರಡು ಹೊಸತು, ಎರಡು ಹಳತು ಮಾಡಿದರೆ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

5. ರಿಮ್: ಐದು ಅಳತೆ, ಮುಖ್ಯವಾದದ್ದು ಆಫ್‌ಸೆಟ್

ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಹೊಸ ರಿಮ್ ಬೇಕಾಗಿಯೇ ಇಲ್ಲ. ಮೇಲೆ ಹೇಳಿದ ಅಳತೆ ಕಂಪನಿ ರಿಮ್‌ಗೇ ಕೂರುತ್ತದೆ. ಆ ದುಡ್ಡನ್ನು ಒಳ್ಳೆಯ ಟಯರ್‌ಗೆ ಹಾಕಿ. ಆದರೂ ಬೇಕೇ ಬೇಕು ಅಂದರೆ 20 ಇಂಚಿನ ಕಡೆ ನೋಡಬೇಡಿ. ರಿಮ್ ದೊಡ್ಡದಾದಷ್ಟು ಟಯರ್ ಬದಿ ಗಿಡ್ಡ, ಗುಂಡಿಯ ಹೊಡೆತ ನೇರ ಲೋಹಕ್ಕೆ.

ವ್ಯಾಸ ಮತ್ತು ಅಗಲ ಗೊತ್ತಿರುವುದೇ. 265ರ ಟಯರ್‌ಗೆ ಸಾಮಾನ್ಯವಾಗಿ ಏಳೂವರೆಯಿಂದ ಒಂಬತ್ತು ಇಂಚು ಅಗಲದ ರಿಮ್ ಹೊಂದುತ್ತದೆ. ಮೂರನೆಯದು ಪಿಸಿಡಿ, ಅಂದರೆ ಬೋಲ್ಟುಗಳು ಕೂತ ವೃತ್ತದ ಅಳತೆ. ವಿ-ಕ್ರಾಸ್, ಹೈಲಕ್ಸ್ ಎರಡಕ್ಕೂ ಆರು ಬೋಲ್ಟ್, 139.7 ಮಿ.ಮೀ. ಹಾಗಂತ ಒಂದರ ರಿಮ್ ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆ ಎನ್ನುವಂತಿಲ್ಲ. ನಾಲ್ಕನೆಯದಾದ ನಡು ತೂತು ಹಬ್‌ಗೆ, ಅಂದರೆ ಗಾಡಿಯಲ್ಲಿ ರಿಮ್ ಕೂರುವ ನಡುಭಾಗಕ್ಕೆ, ಹೊಂದಬೇಕು. ತೂತು ಸಣ್ಣದಾದರೆ ರಿಮ್ ಕೂರುವುದೇ ಇಲ್ಲ. ದೊಡ್ಡದಾದರೆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಸ್ಟೇರಿಂಗ್ ನಡುಗಬಹುದು.

ಐದನೆಯದು ಆಫ್‌ಸೆಟ್. ರಿಮ್ ಮೇಲೆ ಇಟಿ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ರಿಮ್‌ನ ನಟ್ಟನಡುವಿನಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಲೆಕ್ಕ ಅದು. ಈ ಸಂಖ್ಯೆ ಇಳಿದಷ್ಟು ಚಕ್ರ ಹೊರಗೆ ಬರುತ್ತದೆ. ಏಳೂವರೆ ಇಂಚು, ಇಟಿ 30 ಇರುವ ರಿಮ್ ತೆಗೆದು ಎಂಟೂವರೆ ಇಂಚು, ಇಟಿ 10 ಹಾಕಿದಿರಿ ಎನ್ನಿ. ಅಗಲ ಹೆಚ್ಚಿದ್ದರಲ್ಲಿ ಅರ್ಧ 12.7 ಮಿ.ಮೀ., ಆಫ್‌ಸೆಟ್ ವ್ಯತ್ಯಾಸ 20 ಮಿ.ಮೀ. ರಿಮ್‌ನ ಹೊರ ಅಂಚು ಸುಮಾರು 33 ಮಿ.ಮೀ. ಆಚೆ ಬಂತು. ಫೋಟೊದಲ್ಲಿ ಗಾಡಿ ಭರ್ಜರಿ ಕಾಣುತ್ತದೆ. ಆದರೆ ವೀಲ್ ಬೇರಿಂಗ್ ಮೇಲೆ ಭಾರ ಬೇರೆ ಥರ ಬೀಳುತ್ತದೆ, ಗುಂಡಿಯಲ್ಲಿ ಸ್ಟೇರಿಂಗ್ ಎಳೆಯುತ್ತದೆ, ಮಳೆಗಾಲದಲ್ಲಿ ಕೆಂಪು ನೀರು ಬಾಗಿಲು, ಕನ್ನಡಿ ಎಲ್ಲ ಕಡೆ ರಾಚುತ್ತದೆ. ಚಕ್ರ ಮಡ್‌ಗಾರ್ಡ್‌ನಿಂದ ಹೊರಗೆ ಬಂದರೆ ಪೊಲೀಸರ ಕಣ್ಣಿಗೂ ಬೇಗ ಬೀಳುತ್ತದೆ. ಕಂಪನಿ ಆಫ್‌ಸೆಟ್‌ಗೂ ಹೊಸದಕ್ಕೂ ವ್ಯತ್ಯಾಸ 10 ಮಿ.ಮೀ. ದಾಟದಿರಲಿ. ರಿಮ್ ಕಂಪನಿಯದೇ ಇಟ್ಟು ಅದಕ್ಕೂ ಹಬ್‌ಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿಸುವುದೂ ಇದೇ ಕಥೆ.

ರಿಮ್ ಹಿಂಭಾಗದಲ್ಲಿ ಅದು ಹೊರುವ ಭಾರವನ್ನು ಬರೆದಿರುತ್ತಾರೆ, ಅದು ಟಯರ್ ಲೋಡ್‌ಗಿಂತ ಕಡಿಮೆ ಇರಬಾರದು. ಐಎಸ್‌ಐ ಗುರುತು ಇಲ್ಲದ, ಅಗ್ಗದ ನಕಲಿ ಅಲಾಯ್ ಬೇಡ.

ಉಪ್ಪು ಗಾಳಿಯ ವಿಷಯ. ಕ್ರೋಮ್ ಹೊಳಪಿನ ರಿಮ್ ಸಮುದ್ರದ ಹತ್ತಿರ ಬೇಗ ಸಿಪ್ಪೆ ಏಳುತ್ತದೆ. ಟಯರ್ ಕೂರುವ ಅಂಚಿನಲ್ಲಿ ಅಲ್ಯೂಮಿನಿಯಂ ತಿಂದುಹೋದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಎಷ್ಟು ಹುಡುಕಿದರೂ ಪಂಕ್ಚರ್ ಸಿಗುವುದಿಲ್ಲ. ಸ್ಟೀಲ್ ರಿಮ್ ತುಕ್ಕು ಹಿಡಿಯುತ್ತದೆ ನಿಜ, ಆದರೆ ಉಜ್ಜಿ ಬಣ್ಣ ಹೊಡೆಯಬಹುದು, ಬಾಗಿದರೆ ಬಡಿದು ಸರಿಮಾಡಬಹುದು. ಮೀನು ಹೇರುವ ಗಾಡಿಗೆ ಸ್ಟೀಲೇ ಜಾಣತನ.

6. ಹಾಕಿಸುವ ದಿನ

ಬಿಲ್ ಮಾಡುವ ಮೊದಲು ಮುಂದಿನ ಒಂದು ಚಕ್ರ ಮಾತ್ರ ಹಾಕಿಸಿ ನೋಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮುಂದೆ ಹಿಂದೆ ಓಡಿಸಿ. ಒಳಗಿನ ಪ್ಲಾಸ್ಟಿಕ್‌ಗೆ, ಮಡ್‌ಫ್ಲಾಪ್‌ಗೆ, ಮೇಲಿನ ಸಸ್ಪೆನ್ಶನ್ ತೋಳಿಗೆ ತಾಗುತ್ತದಾ ನೋಡಿ. ಆಮೇಲೆ ಆ ಚಕ್ರವನ್ನು ಒಂದು ದಿಬ್ಬದ ಮೇಲೆ ಹತ್ತಿಸಿ ಇನ್ನೊಮ್ಮೆ ತಿರುಗಿಸಿ. ಸಮತಟ್ಟಿನಲ್ಲಿ ತಾಗದ್ದು ಅಲ್ಲಿ ತಾಗಬಹುದು.

ನಟ್ ಕಡೆ ಗಮನ ಕೊಡಿ. ಕೆಲವು ಗಾಡಿಗಳ ಕಂಪನಿ ಅಲಾಯ್‌ಗೆ ಚಪ್ಪಟೆ ವಾಷರ್ ಇರುವ ನಟ್ ಬರುತ್ತದೆ. ಹೊರಗಿನ ರಿಮ್‌ಗಳಿಗೆ ಹೆಚ್ಚಾಗಿ ಇಳಿಜಾರು ಮುಖದ ನಟ್ ಬೇಕು. ಹಳೆಯದನ್ನೇ ಬಿಗಿದರೆ ಒಂದಲ್ಲ ಒಂದು ದಿನ ಸಡಿಲ ಆಗುತ್ತದೆ. ಹಬ್ ಮುಖದ ತುಕ್ಕು ಉಜ್ಜಿಸಿ, ಆದರೆ ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಹಚ್ಚಲು ಬಿಡಬೇಡಿ. ಗಾಳಿಯ ಗನ್‌ನಲ್ಲಿ ಬಿಗಿದು ಬಿಟ್ಟರೆ ಸಾಲದು. ಎಷ್ಟು ಬಿಗಿಯಿತು ಎಂದು ಅಳೆಯುವ ಟಾರ್ಕ್ ಸ್ಪ್ಯಾನರ್ ಇದೆಯಾ ಕೇಳಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ. ನಂತರ 100 ಕಿ.ಮೀ. ಒಳಗೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಮಂಗಳೂರಿನಿಂದ ಉಡುಪಿಗೆ ಹೋಗಿ ಬಂದರೆ ಅದು ದಾಟಿತು.

ಸ್ಟೆಪ್ನಿ ಕೂಡ ಅದೇ ಅಳತೆಯದು ಇರಲಿ. ಗಾಡಿಯ ಕೆಳಗೆ ಅದು ನೇತಾಡುವ ಜಾಗದಲ್ಲಿ ಸೈಲೆನ್ಸರ್‌ಗೆ ತಾಗದೆ ಕೂರುತ್ತದಾ ಎಂದು ಅಂಗಡಿಯಲ್ಲೇ ಏರಿಸಿ ನೋಡಿ.

ಕೊನೆಗೆ ಅಂಗಡಿಯವರು ಹಳೆಯ ಸೆಟ್ ಎಕ್ಸ್‌ಚೇಂಜ್‌ಗೆ ಕೇಳುತ್ತಾರೆ. ಟಯರ್ ಕೊಡಿ, ರಿಮ್ ಮತ್ತು ನಟ್ ಕೊಡಬೇಡಿ. ಗಾಡಿ ಮಾರುವಾಗ, ಆರ್‌ಟಿಒದಲ್ಲಿ ಆಕ್ಷೇಪ ಬಂದಾಗ ಅದೇ ಬೇಕಾಗುವುದು. ತೊಳೆದು ಒಣಗಿಸಿ, ಮಳೆ ನೀರು ಬೀಳದ ಮೂಲೆಯಲ್ಲಿ ಅಡಿಗೆ ಹಲಗೆ ಇಟ್ಟು ಒಂದರ ಮೇಲೊಂದು ಪೇರಿಸಿ. ನಟ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅಲ್ಲೇ ಇಡಿ.